ಶುಕ್ರವಾರದ ಕೀಲಿಕೈ

ಜನವರಿ 14, ಭಾನುವಾರ

ಇದು ತೂರಾ ನಮ್ಮಲ್ಲಿರುವ ವಾರ. ಕ್ಯಾಲೆಂಡರ್ ನೋಡಬೇಕಾಗಿಲ್ಲ, ಗೋಡೆಯೇ ಹೇಳುತ್ತದೆ. ಗೋಡೆಯ ಆಚೆ ಮಲಗಿರುವುದು ಒಂಬತ್ತು ವರ್ಷದ ಹುಡುಗಿ ಎಂದರೆ ಯಾರೂ ನಂಬುವುದಿಲ್ಲ, ಹೊಟ್ಟೆ ಬಂದ ಲಾರಿ ಡ್ರೈವರ್ ಎಂದರೆ ನಂಬಬಹುದು. ಗೊರಕೆ, ಆಮೇಲೆ ತಡೆದು ನಿಂತ ಉಸಿರು, ಆಮೇಲೆ ಗಕ್ಕನೆ ಒಂದು ಶಬ್ದ, ಹೊರಳಾಟ, ಮತ್ತೆ ಗೊರಕೆ. ಉಸಿರು ನಿಂತಾಗ ನಾನೂ ಉಸಿರು ಹಿಡಿದು ಕಾಯುತ್ತೇನೆ. ಹೀಗಾಗಿ ಅವಳ ವಾರದಲ್ಲಿ ನನಗೂ ನಿದ್ದೆಯಿಲ್ಲ.

ಒಂದು ವಾರ ಅಪ್ಪ ಹೆನ್ನಿಂಗನ ಈ ಮನೆ, ಒಂದು ವಾರ ಅಮ್ಮನ ಮನೆ, ಶುಕ್ರವಾರ ಅದಲು ಬದಲು. ಬೆಳಗ್ಗೆ ಒಂದು ಮನೆಯಿಂದ ಶಾಲೆಗೆ ಹೋಗುತ್ತಾಳೆ, ಮಧ್ಯಾಹ್ನ ಇನ್ನೊಂದು ಮನೆಗೆ ಬರುತ್ತಾಳೆ. ನಮ್ಮ ಉಮಿಯೋ ಊರಿನ ಅರ್ಧ ಮಕ್ಕಳು ಹೀಗೆ ಬೆನ್ನಿಗೆ ಚೀಲ ಹಾಕಿಕೊಂಡೇ ದೊಡ್ಡವರಾಗುತ್ತಿದ್ದಾರೆ. ದೊಡ್ಡವರು ಮುಖ ನೋಡಿಕೊಳ್ಳುವ ಪ್ರಮೇಯವೇ ಇಲ್ಲ, ಶಾಲೆ ನಡುವೆ ನಿಂತಿರುತ್ತದೆ. ಎರಡು ವರ್ಷದಿಂದ ಅವಳ ಅಮ್ಮ ಲೊವೀಸಾಳಿಗೆ ನಾನು ಕಾರಿನ ಗಾಜಿನೊಳಗಿಂದ ಕೈ ಬೀಸಿದ್ದಷ್ಟೇ.

ಹೋದ ವರ್ಷ ಟಾನ್ಸಿಲ್ ತೆಗೆಸಿಯಾಯಿತು. ಗೊರಕೆ ಮಾತ್ರ ಹೋಗಲಿಲ್ಲ. ಈಗ ಆಸ್ಪತ್ರೆಯವರು ಮೇಲಿನ ದವಡೆ ಕಿರಿದು, ಹಲ್ಲಿನ ಡಾಕ್ಟರನ್ನು ನೋಡಿ ಎಂದಿದ್ದಾರೆ. ಬಾಯಿಯ ಅಚ್ಚು ತೆಗೆಸಿಯಾಗಿದೆ, ಮಂಗಳವಾರ ಯಂತ್ರ ಹಾಕಿಸಲು ಹೋಗಬೇಕು. ಹೆನ್ನಿಂಗ್ ನನ್ನನ್ನೂ ಕರೆಯುತ್ತಿದ್ದಾನೆ. ಅಪ್ಪ ಅವನು, ನಾನು ಯಾಕೆ? ಅಪ್ಪನ ಹೊಸ ಸಂಗಾತಿ ಎಂದು ಶಾಲೆಯವರು ನನ್ನನ್ನು ಬೋನಸ್ ಅಮ್ಮ ಎನ್ನುತ್ತಾರೆ. ಬೋನಸ್ಸು ಎಂದರೆ ಕೇಳದೆ ಬಂದದ್ದು. ಅವಳಿಗೆ ನಾನೋ, ನನಗೆ ಅವಳೋ, ಅದು ಇನ್ನೂ ತೀರ್ಮಾನವಾಗಿಲ್ಲ.

ಜನವರಿ 16, ಮಂಗಳವಾರ

ಹಲ್ಲಿನ ಡಾಕ್ಟರ ಹೆಸರು ಶಿರೀನ್. ಚಿಕ್ಕ ಕೈ, ದೊಡ್ಡ ನಗು. ತೂರಾಳ ಬಾಯಿಯ ಅಚ್ಚನ್ನು ಮುಂದಿಟ್ಟುಕೊಂಡು ಬೆರಳಾಡಿಸಿ ತೋರಿಸಿದಳು.

"ನೋಡಿ, ಅಂಗುಳು ಎಷ್ಟು ಇಕ್ಕಟ್ಟಾಗಿ ಮೇಲೆ ಏರಿದೆ. ಬಾಯಿಯ ಚಾವಣಿ ಅಂದ್ರೆ ಮೂಗಿನ ನೆಲ. ಚಾವಣಿ ಅಗಲ ಮಾಡಿದ್ರೆ ಮೇಲಿನ ಮನೆಯವರಿಗೂ ಜಾಗ ಆಗತ್ತೆ."

"ಗೊರಕೆ ಹೋಗತ್ತಾ?" ಎಂದು ಕೇಳಿದೆ.

"ಪೂರ್ತಿ ಹೋಗತ್ತೆ ಅಂತ ಮಾತು ಕೊಡಲ್ಲ. ತುಂಬ ಮಕ್ಕಳಿಗೆ ಕಮ್ಮಿಯಾಗಿದೆ. ಈ ವಯಸ್ಸಲ್ಲಿ ಮೂಳೆ ಇನ್ನೂ ಹೇಳಿದ ಮಾತು ಕೇಳತ್ತೆ, ದೊಡ್ಡವಳಾದ ಮೇಲೆ ಕೇಳಲ್ಲ."

ಎರಡೂ ಕಡೆಯ ದವಡೆಹಲ್ಲಿಗೆ ಅಂಟಿಸಿದ ಉಕ್ಕಿನ ತೋಳುಗಳು, ನಡುವೆ ಅಂಗುಳಿನ ಕೆಳಗೆ ಒಂದು ಪುಟ್ಟ ಸ್ಕ್ರೂ. ಅದರಲ್ಲಿ ಸೂಜಿಗಣ್ಣಿನಂಥ ತೂತು. ತಂತಿಯಂಥ ಕೀಲಿಕೈಯನ್ನು ಅದರಲ್ಲಿಟ್ಟು, ಹಲ್ಲಿನ ಕಡೆಯಿಂದ ಗಂಟಲ ಕಡೆಗೆ ಮೆಲ್ಲಗೆ ತಳ್ಳಬೇಕು, ಮುಂದಿನ ತೂತು ಕಾಣಿಸುವವರೆಗೆ. ದಿನಕ್ಕೆ ಒಂದು ಸಲ, ಮಲಗುವ ಮುಂಚೆ. ಎರಡು ಮನೆಗೆಂದು ಎರಡು ಕೀಲಿಕೈ ಕೊಟ್ಟಳು. ಹೆನ್ನಿಂಗ್ ಕೀಲಿಕೈ ಹಿಡಿದು ಮಗಳ ಬಾಯಿಯೊಳಗೆ ಒಮ್ಮೆ ಇಣುಕಿದ, ಗೋಡೆಯಷ್ಟು ಬೆಳ್ಳಗಾದ.

"ಮಾರಿತ್, ನೀನೇ ಮಾಡು. ನಾನು ಹೊರಗಡೆ ಇರ್ತೀನಿ."

ಇಂಥವನು ಹಿಮ ತೆಗೆಯುವ ಟ್ರ್ಯಾಕ್ಟರ್ ಓಡಿಸುತ್ತಾನೆ. ನಾನು ಸೈಕಲ್ ರಿಪೇರಿಯವಳು, ಚಕ್ರದ ಕಡ್ಡಿಗಳನ್ನು ಕಾಲು ಸುತ್ತು, ಅರ್ಧ ಸುತ್ತು ಬಿಗಿ ಮಾಡುತ್ತ ಇಪ್ಪತ್ತು ವರ್ಷ ಕಳೆದವಳು. ಸರಿ ಎಂದೆ. ತೂರಾ ಕುರ್ಚಿಯಲ್ಲಿ ಹಿಂದಕ್ಕೆ ಒರಗಿಕೊಂಡೇ ನನ್ನ ಕೈಯನ್ನು ನೋಡಿದಳು.

"ಕೈ ತೊಳ್ಕೊಂಡಿದೀಯಾ?"

"ತೊಳ್ಕೊಂಡಿದೀನಿ."

"ಉಗುರಿನ ಒಳಗೆ?"

ಅವಳಾಗಿ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದೇ ಇರಬೇಕು. ಎದ್ದು ಹೋಗಿ ಮತ್ತೆ ತೊಳೆದುಕೊಂಡು ಬಂದೆ.

ಜನವರಿ 18, ಗುರುವಾರ

ಮಾತು ತೊದಲುತ್ತಿದೆ, ಜೊಲ್ಲು ಸುರಿಯುತ್ತಿದೆ. ಗಟ್ಟಿ ರೊಟ್ಟಿ ಬೇಡ, ಅಂಟುವ ಮಿಠಾಯಿ ಬೇಡ. ಇಲ್ಲಿನ ಮಕ್ಕಳಿಗೆ ವಾರಕ್ಕೊಮ್ಮೆ ಮಾತ್ರ ಸಿಗುವ ಶನಿವಾರದ ಮಿಠಾಯಿ ಪೊಟ್ಟಣದಿಂದ ಏನೇನು ತೆಗೆದುಹಾಕಬೇಕು ಎಂದು ಹೆನ್ನಿಂಗ್ ಹೇಳುತ್ತ ಹೋದ. ಕೊನೆಗೆ ಪೊಟ್ಟಣ ಒಂದೇ ಉಳಿಯುವಂತಿತ್ತು. ತೂರಾ ಎಲ್ಲಕ್ಕೂ ಹೂಂ ಎಂದಳು. ಈ ಹುಡುಗಿ ಏನಕ್ಕೂ ಜಗಳ ಮಾಡುವುದಿಲ್ಲ. ಜಗಳ ಮಾಡುವ ಮಕ್ಕಳೇ ವಾಸಿ, ಏನು ಬೇಕು ಎಂದಾದರೂ ತಿಳಿಯುತ್ತದೆ.

ಜನವರಿ 19, ಶುಕ್ರವಾರ

ಶಾಲೆಗೆ ಹೋಗುವ ಮುಂಚೆಯೇ ಅಡುಗೆಮನೆಯ ದೀಪದ ಕೆಳಗೆ ಕೂರಿಸಿ ಇವತ್ತಿನ ಸುತ್ತು ಮುಗಿಸಿದೆ. ಬಾಕಿ ಇಟ್ಟು ಕಳಿಸಿದರು ಎಂದು ಆ ಮನೆಯವರು ನಮ್ಮ ಬಗ್ಗೆ ಆಡಿಕೊಳ್ಳುವುದು ಬೇಡ. ತೂರಾ ಏನೋ ಹೇಳುವವಳಂತೆ ಬಾಯಿ ತೆರೆದಳು, ಅಷ್ಟರಲ್ಲಿ ನಾನು ಕೀಲಿಕೈ ಇಟ್ಟಾಗಿತ್ತು.

ಇವತ್ತಿನಿಂದ ಒಂದು ವಾರ ನೆಮ್ಮದಿ.

ಜನವರಿ 23, ಮಂಗಳವಾರ

ಮನೆ ಸದ್ದಿಲ್ಲದೆ ಇದೆ. ಬೆಳಗ್ಗೆ ಎರಡು ತಟ್ಟೆ, ಎರಡು ಲೋಟ, ಎಲ್ಲ ಬೇಗ ಮುಗಿಯುತ್ತದೆ. ಕಲ್ಲಿನಂತೆ ಮಲಗುತ್ತಿದ್ದೇನೆ. ನಿನ್ನೆ ಒಮ್ಮೆ ಮಾತ್ರ ಎಚ್ಚರವಾಗಿ, ಉಸಿರು ನಿಂತಿದೆಯಲ್ಲ, ಇನ್ನೂ ಶುರುವಾಗಲಿಲ್ಲವಲ್ಲ ಎಂದು ಕಾದೆ. ಆಮೇಲೆ ನೆನಪಾಯಿತು.

ಜನವರಿ 26, ಶುಕ್ರವಾರ

ಮುಂದಿನ ಎರಡು ಹಲ್ಲಿನ ನಡುವೆ ಸಂದು ಬಿದ್ದಿದೆ! ಶಿರೀನ್ ಮೊದಲೇ ಹೇಳಿದ್ದಳು, ಅಂಗುಳು ಬಿಚ್ಚಿಕೊಳ್ಳುತ್ತಿದೆ ಎಂಬುದಕ್ಕೆ ಅದೇ ಗುರುತು, ಆಮೇಲೆ ಹಲ್ಲು ತಾವಾಗಿ ಕೂಡಿಕೊಳ್ಳುತ್ತವೆ ಎಂದು. ಆದರೂ ದೀಪದ ಕೆಳಗೆ ಕರೆದುಕೊಂಡು ಹೋಗಿ ಎರಡು ಸಲ ನೋಡಿದೆ. ತೂರಾಗೆ ಮಾತ್ರ ಖುಷಿ. ಬೇಯಿಸದ ಒಂದು ಶಾವಿಗೆ ಕಡ್ಡಿಯನ್ನು ಆ ಸಂದಿನಲ್ಲಿ ತೂರಿಸಿ ಹೆನ್ನಿಂಗ್‌ಗೆ ತೋರಿಸಿದಳು. ಅವನು ಮತ್ತೆ ಬೆಳ್ಳಗಾದ.

"ಅಮ್ಮನ ಮನೇಲಿ ಏನೇನು ತಿಂದೆ? ಮೆತ್ತಗಿರೋದು ಏನು ಮಾಡ್ತಾಳೆ ಅಮ್ಮ?" ಎಂದು ಕೇಳಿದೆ, ನನಗೂ ಅಡುಗೆಗೆ ಉಪಾಯ ಬೇಕಿತ್ತು.

"ಊಟ."

"ಊಟ ಅಂದ್ರೆ?"

"ಊಟಾನೇ."

ಯಾವಾಗಲೂ ಇದೇ ಉತ್ತರ. ಮಲಗುವ ಮುಂಚೆ ಕೀಲಿಕೈ ತಿರುಗಿಸಿದೆ. ಕಣ್ಣಲ್ಲಿ ನೀರು ಬಂತು. "ನೋವಾಯ್ತಾ?" ಎಂದರೆ ತಲೆಯಲ್ಲಾಡಿಸಿದಳು, ಇಲ್ಲ ಎಂದು.

ಜನವರಿ 27, ಶನಿವಾರ

ಬೆಳಗ್ಗೆಯಿಂದ ತಲೆನೋವು, ಮೂಗಿನ ಬುಡ ಹಿಡಿದುಕೊಂಡು ಸೋಫಾದಲ್ಲಿ ಮಲಗಿದ್ದಾಳೆ. ಶನಿವಾರದ ಮಿಠಾಯಿ ಮುಟ್ಟಲಿಲ್ಲ. ಮಿಠಾಯಿ ಬಿಟ್ಟ ಮಗುವನ್ನು ನಾನು ಈ ಊರಿನಲ್ಲಿ ನೋಡಿಲ್ಲ.

ಜನವರಿ 31, ಬುಧವಾರ

ಶಾಲೆ ಬೇಗ ಬಿಟ್ಟಿತ್ತು, ನೇರ ನನ್ನ ಅಂಗಡಿಗೆ ಬಂದಳು. ಚಳಿಗಾಲದಲ್ಲೂ ಸೈಕಲ್ ಬಿಡದ ಹುಚ್ಚರಿಂದಲೇ ನನ್ನ ಅಂಗಡಿ ನಡೆಯುವುದು. ಒಂದು ಚಕ್ರದ ಬೆಂಡು ತೆಗೆಯುತ್ತಿದ್ದೆ. ಹತ್ತಿರ ನಿಂತು ಬಹಳ ಹೊತ್ತು ನೋಡಿದಳು.

"ಒಂದೇ ಸಲ ಜೋರಾಗಿ ಯಾಕೆ ತಿರುಗಿಸಲ್ಲ?"

"ಜೋರಾಗಿ ಮಾಡಿದ್ರೆ ಇನ್ನೊಂದು ಕಡೆ ಸೊಟ್ಟಗಾಗತ್ತೆ. ಸ್ವಲ್ಪ ಸ್ವಲ್ಪ, ನಡುವೆ ಬಿಡುವು ಕೊಟ್ಟು."

"ನನ್ನ ಬಾಯಿ ಥರ."

"ನಿನ್ನ ಬಾಯಿ ಥರ."

ಅವಳ ಕೈಗೆ ಕಡ್ಡಿ ಬಿಗಿಯುವ ಚಾವಿ ಕೊಟ್ಟೆ. ನಾಲಿಗೆ ಹೊರಗೆ ಹಾಕಿ, ಗಮನವಿಟ್ಟು ತಿರುಗಿಸಿದಳು. ಚೆನ್ನಾಗಿಯೇ ಮಾಡಿದಳು.

ಆಗ ಸೈಕಲ್ ಒಯ್ಯಲು ಬಂದ, ತೂರಾಳ ಕ್ರೀಡಾ ಕ್ಲಬ್ಬಿನ ತರಬೇತುದಾರ ಒಂದು ಸಂಗತಿ ಹೇಳಿದ, ತೂರಾ ಹಿಂದಿನ ಕೋಣೆಗೆ ಹೋಗಿದ್ದಾಗ. ಅಕ್ಟೋಬರಿನಲ್ಲಿ ಕ್ಲಬ್ಬಿನ ಮಕ್ಕಳೆಲ್ಲ ಕಾಡಿನ ಮನೆಯಲ್ಲಿ ತಂಗಿದ್ದಾಗ, ಗೊರಕೆಗೆ ಬೇರೆ ಹುಡುಗಿಯರು ಮಲಗಲಾಗದೆ ನಕ್ಕರಂತೆ. ತೂರಾ ಯಾರೂ ಹೇಳದೆಯೇ ಹಾಸಿಗೆ ಎಳೆದುಕೊಂಡು ಹೋಗಿ ಚಪ್ಪಲಿ ಬಿಡುವ ಜಾಗದಲ್ಲಿ ಮಲಗಿದಳಂತೆ. ಈಗ ಈಸ್ಟರ್‌ನಲ್ಲಿ ಮತ್ತೆ ಹೋಗುವುದಿದೆ, ಇವಳು ಮಾತ್ರ ಹೆಸರು ಕೊಟ್ಟಿಲ್ಲ. ನಮಗೆ ಯಾರೂ ಒಂದು ಮಾತು ಹೇಳಿರಲಿಲ್ಲ. ನನಗೆ ಸಿಟ್ಟು ಬಂತು. ಆ ಹುಡುಗಿಯರ ಮೇಲೋ, ತರಬೇತುದಾರನ ಮೇಲೋ, ಗೊತ್ತಿಲ್ಲ. ಅವನ ಸೈಕಲ್ಲಿನ ಬ್ರೇಕು ಸರಿಮಾಡಿದ್ದಕ್ಕೆ ಒಂದಿಷ್ಟು ಜಾಸ್ತಿಯೇ ಹಾಕಿದೆ.

ಅವಳ ಬಾಯಿಯ ಈ ಯಂತ್ರ ಕೆಲಸ ಮಾಡಲೇಬೇಕು.

ಫೆಬ್ರುವರಿ 2, ಶುಕ್ರವಾರ

ಬೆಳಗ್ಗೆ ಸುತ್ತು ಮುಗಿಸಿಯೇ ಕಳಿಸಿದೆ. ಈ ಮನೆಯಿಂದ ಒಂದು ದಿನವೂ ತಪ್ಪಬಾರದು.

ಫೆಬ್ರುವರಿ 6, ಮಂಗಳವಾರ

ಫ್ರಿಜ್ ಗುಂಯ್‌ಗುಡುವುದು ಇಷ್ಟು ಜೋರಾಗಿತ್ತೇ? ಹೆನ್ನಿಂಗ್‌ಗೆ ಹೇಳಿದೆ, ನೋಡು ಎಂದು. ಅವನಿಗೆ ಏನೂ ಕೇಳಿಸುವುದಿಲ್ಲವಂತೆ. ನಿದ್ದೆ ಸರಿಯಾಗಿಲ್ಲ.

ಫೆಬ್ರುವರಿ 9, ಶುಕ್ರವಾರ

ಬಂದಳು. ಗೊರಕೆ ಕಮ್ಮಿಯಾಗಿದೆಯೋ ಏನೋ, ಹೇಳಲಾರೆ. ಮಲಗುವ ಮುಂಚೆ ಕೀಲಿಕೈ ತಂದಾಗ ತಾನಾಗಿ ತಲೆ ಹಿಂದಕ್ಕೆ ಹಾಕಿ, ಕಣ್ಣು ಬಿಗಿಯಾಗಿ ಮುಚ್ಚಿ, ನನ್ನ ತೋಳನ್ನು ಹಿಡಿದುಕೊಂಡಳು. ಅಷ್ಟು ಬಿಗಿಯಾಗಿ ಯಾರೂ ನನ್ನನ್ನು ಹಿಡಿದುಕೊಂಡಿರಲಿಲ್ಲ. ತಿರುಗಿಸುವುದು ಕಷ್ಟವಾಯಿತು. ಸ್ಕ್ರೂ ಇಷ್ಟು ಬಿಗಿ ಇರುತ್ತದೆ ಎಂದು ಶಿರೀನ್ ಹೇಳಿರಲಿಲ್ಲ.

ಫೆಬ್ರುವರಿ 10, ಶನಿವಾರ

ಇವತ್ತಿನದನ್ನು ಕ್ರಮವಾಗಿ ಬರೆಯಬೇಕು.

ಬೆಳಗ್ಗೆ ಮತ್ತೆ ತಲೆನೋವು. ಈ ಸಲ ಅಳು, ಮೂಗಿನಿಂದ ಸ್ವಲ್ಪ ರಕ್ತ. ಹೆನ್ನಿಂಗ್ ಹಿಮ ತೆಗೆಯಲು ಹೋಗಿದ್ದ. ನನಗೆ ತಟ್ಟನೆ ಹೊಳೆಯಿತು: ಪ್ರತಿ ಸಲ ಇಲ್ಲಿಗೆ ಬಂದ ಮಾರನೆಯ ದಿನವೇ ಹೀಗೆ. ಅಂದರೆ ಆ ಮನೆಯಲ್ಲಿ ಏನೋ ಎಡವಟ್ಟು ಮಾಡುತ್ತಿದ್ದಾರೆ. ಸಿಟ್ಟು ನೆತ್ತಿಗೇರಿತು. ಹೆನ್ನಿಂಗ್‌ಗೂ ಕೇಳದೆ ಲೊವೀಸಾಗೆ ಫೋನ್ ಮಾಡಿದೆ, ಮೊದಲ ಸಲ.

"ತೂರಾಗೆ ಏನಾಯ್ತು?" ಎಂದಳು, ಹಲೋ ಕೂಡ ಇಲ್ಲ.

"ತಲೆನೋವು. ನಿಮ್ಮಲ್ಲಿಂದ ಬಂದಾಗಲೆಲ್ಲ ಶನಿವಾರ ತಲೆನೋವು. ಅಲ್ಲಿ ಏನು ನಡೀತಿದೆ ಅಂತ ಕೇಳೋಣ ಅಂತ."

"ಅಲ್ಲಿ? ನಿಮ್ಮಲ್ಲಿಂದ ಬಂದಾಗಲೂ ಶನಿವಾರ ತಲೆನೋವೇ! ನಾನೇ ಕೇಳ್ಬೇಕು ಅಂತಿದ್ದೆ. ಸೈಕಲ್ ಬಿಗಿ ಮಾಡಿ ಮಾಡಿ ಅಭ್ಯಾಸ ನಿಮಗೆ, ಎಷ್ಟು ತಿರುಗಿಸ್ತೀರೋ ಏನೋ."

"ದಿನಕ್ಕೆ ಒಂದು ಸಲ. ಅದಕ್ಕಿಂತ ಒಂದು ಕೂದಲೆಳೆ ಜಾಸ್ತಿ ಇಲ್ಲ. ನಮ್ಮನೇಲಿ ಒಂದು ದಿನ ತಪ್ಪಿಲ್ಲ. ಶುಕ್ರವಾರ ಕೂಡ ಶಾಲೆಗೆ ಕಳಿಸೋ ಮುಂಚೆ ಮಾಡೇ ಕಳಿಸ್ತೀನಿ."

"ಶುಕ್ರವಾರ ಬೆಳಗ್ಗೆನಾ?" ಎಂದಳು.

"ಹೂಂ. ಬಾಕಿ ಇಟ್ಟು ಕಳಿಸಬಾರ್ದು ಅಂತ."

"ಅಯ್ಯೋ ದೇವರೇ. ನಾನೂ ಶುಕ್ರವಾರ ಬೆಳಗ್ಗೆ ಮಾಡೇ ಕಳಿಸೋದು. ಬಂದ ದಿನ ರಾತ್ರೀನೂ ಮಾಡ್ತೀನಿ."

"ನಾನೂ ಮಾಡ್ತೀನಿ."

ಗುರುವಾರ ರಾತ್ರಿ ಒಂದು, ಶುಕ್ರವಾರ ಬೆಳಗ್ಗೆ ಒಂದು, ಶುಕ್ರವಾರ ರಾತ್ರಿ ಒಂದು. ಶುರುವಾದಾಗಿನಿಂದ ಪ್ರತಿ ಶುಕ್ರವಾರ. ಎರಡು ಮನೆಯ ಮರ್ಯಾದೆಯೂ ಆ ಪುಟ್ಟ ಅಂಗುಳಿನ ಮೇಲೆ ಬಿದ್ದಿತ್ತು.

"ಅವಳು ಯಾಕೆ ಹೇಳ್ಲಿಲ್ಲ?" ಎಂದೆ.

"ಅವಳು ಏನೂ ಹೇಳಲ್ಲ. ಅಲ್ಲಿ ಏನು ತಿಂದೆ ಅಂದ್ರೆ ಊಟ ಅಂತಾಳೆ."

"ಇಲ್ಲೂ ಊಟಾನೇ."

ನಗು ಬರಬೇಕಾಗಿತ್ತು. ಲೊವೀಸಾ ಅಳುತ್ತಿದ್ದಳು. ಅವಳೂ ಹೆನ್ನಿಂಗೂ ಬೇರೆಯಾದಾಗ ಕುಟುಂಬ ಸಲಹೆಗಾರ್ತಿ ಹೇಳಿದ್ದಳಂತೆ, ಮಗು ಅಂಚೆಯವಳಾಗಬಾರದು, ಒಂದು ಮನೆಯ ಮಾತು ಇನ್ನೊಂದು ಮನೆಗೆ ಹೊರಬಾರದು ಎಂದು. ಇಬ್ಬರೂ ಮಗಳನ್ನು ಕೂರಿಸಿಕೊಂಡು ಹಾಗೇ ಹೇಳಿದರಂತೆ. ಆಗ ಅವಳಿಗೆ ಆರು ವರ್ಷ. "ಒಳ್ಳೇದಕ್ಕೇ ಹೇಳಿದ್ವಿ ಮಾರಿತ್. ಅವಳು ಇವತ್ತಿನವರೆಗೂ ಹಾಗೇ ನಡ್ಕೊಂಡಿದಾಳೆ ನೋಡು," ಎಂದಳು.

ಫೋನ್ ಇಟ್ಟು ಸೋಫಾದ ಹತ್ತಿರ ಹೋದೆ. ನೆಲದ ಮೇಲೆ ಕುಳಿತೆ.

"ಶುಕ್ರವಾರ ಎರಡೆರಡು ಸಲ ಆಗ್ತಿತ್ತು ಅಂತ ನಿಂಗೆ ಗೊತ್ತಿತ್ತಾ?"

ಹೌದೆಂದು ತಲೆಯಾಡಿಸಿದಳು.

"ಯಾಕೆ ಹೇಳ್ಲಿಲ್ಲ ಪುಟ್ಟೀ?"

"ಅಲ್ಲೀದು ಇಲ್ಲಿ ಹೇಳಬಾರದು ಅಂದಿದ್ರಲ್ಲ."

"ಇದು ಬೇರೆ."

"ಯಾವುದು ಬೇರೆ, ಯಾವುದು ಅಲ್ಲ ಅಂತ ನಂಗೆ ಹೇಗೆ ಗೊತ್ತಾಗ್ಬೇಕು?" ಎಂದಳು. "ನಿಂಗೆ ಬೇಡ ಅಂದ್ರೆ ಅಮ್ಮ ತಪ್ಪು ಮಾಡಿದ ಹಾಗಾಗತ್ತೆ. ಅಮ್ಮಂಗೆ ಬೇಡ ಅಂದ್ರೆ ನೀನು ತಪ್ಪು ಮಾಡಿದ ಹಾಗಾಗತ್ತೆ. ನಂಗೆ ತುಂಬ ಏನೂ ನೋವಾಗಲ್ಲ."

ನಾಚಿಕೆಯಿಂದ ಕುಗ್ಗಿಹೋದೆ. ನಾನು ತಪ್ಪಿತಸ್ಥೆ ಆಗಬಾರದು ಎಂದು ಈ ಮಗು ತಲೆನೋವು ತಿಂದಿದೆ, ನಾನು ಇವಳನ್ನು ಮಾತಾಡದ ಹುಡುಗಿ ಎಂದುಕೊಂಡಿದ್ದೆ. ತಬ್ಬಿಕೊಳ್ಳಬೇಕೆನ್ನಿಸಿತು, ಅಭ್ಯಾಸವಿಲ್ಲ. ಕಾಲ ಮೇಲೆ ಕಂಬಳಿ ಸರಿಯಾಗಿ ಹೊದಿಸಿದೆ. ಅದು ಮೊದಲೇ ಸರಿಯಾಗಿತ್ತು.

ಇವತ್ತು ಕೀಲಿಕೈ ಮುಟ್ಟಲಿಲ್ಲ.

ಫೆಬ್ರುವರಿ 12, ಸೋಮವಾರ

ಶಿರೀನಳ ಕೋಣೆಯಲ್ಲಿ ನಾವು ಮೂವರು ದೊಡ್ಡವರು ಸಾಲಾಗಿ ನಿಂತೆವು, ಗಾಜು ಒಡೆದು ಸಿಕ್ಕಿಬಿದ್ದ ಮಕ್ಕಳಂತೆ. ಅವಳು ತೂರಾಳ ಬಾಯಿ ನೋಡಿ, ಫೋಟೋ ತೆಗೆಸಿ, ಕೊನೆಗೆ ನಮ್ಮ ಕಡೆ ತಿರುಗಿದಳು.

"ಕೆಟ್ಟದ್ದೇನೂ ಆಗಿಲ್ಲ. ಮುಂದಿನ ಸೋಮವಾರದವರೆಗೆ ಮುಟ್ಟಬೇಡಿ, ಮೂಳೆಗೆ ಬಿಡುವು ಬೇಕು. ಮತ್ತೆ ಹೀಗಾದ್ರೆ ಮಾತ್ರ ನಾನು ಇದನ್ನ ಬಿಚ್ಚಿಬಿಡ್ತೀನಿ. ಆಮೇಲೆ ಮತ್ತೆ ಹಾಕೋ ಹೊತ್ತಿಗೆ ಇವಳು ದೊಡ್ಡವಳಾಗಿರ್ತಾಳೆ, ಇಷ್ಟು ಸುಲಭ ಇರಲ್ಲ. ಶುಕ್ರವಾರ ಯಾರದು ಅಂತ ಈಗಲೇ ತೀರ್ಮಾನ ಮಾಡಿ."

"ರಾತ್ರಿ ಎಲ್ಲಿ ಮಲಗ್ತಾಳೋ ಆ ಮನೇದು," ಎಂದೆ.

"ಆಯ್ತು," ಎಂದಳು ಲೊವೀಸಾ.

ಹೆನ್ನಿಂಗ್ ತೂರಾಳ ಮುಂದೆ ಮಂಡಿಯೂರಿ, "ಏನು ಬೇಕಾದ್ರೂ ಎಲ್ಲಿ ಬೇಕಾದ್ರೂ ಹೇಳಬಹುದು, ಆ ಹಳೇ ಮಾತು ಮರೆತುಬಿಡು," ಎಂದ. ಅವಳು ಹೂಂ ಎಂದಳು. ಹೂಂ ಎನ್ನುವುದು ಅವಳಿಗೆ ಯಾವಾಗಲೂ ಸುಲಭ. ಮೂರು ವರ್ಷ ಮುಚ್ಚಿಟ್ಟು ಕಲಿತದ್ದು ಒಂದು ಮಾತಿಗೆ ತೆರೆಯುತ್ತದೆಯೇ? ಅದಕ್ಕೆ ಶಿರೀನ್ ಹತ್ತಿರ ಕೀಲಿಕೈ ಇಲ್ಲ.

ಫೆಬ್ರುವರಿ 13, ಮಂಗಳವಾರ

ಊರೆಲ್ಲ ಸೆಮ್ಲಾ ಎಂಬ ಕೆನೆ ಬನ್ನು ತಿನ್ನುವ ದಿನ. ಬನ್ನಿನ ಒಳಗಿನ ಬಾದಾಮಿಯ ಹೂರಣ ಅಂಟುತ್ತದೆಂದು ಅವಳದನ್ನು ತೆಗೆದು ಬರೀ ಕೆನೆ ತುಂಬಿಕೊಟ್ಟೆ. ಮೂಗಿನ ತುದಿಗೆಲ್ಲ ಕೆನೆ. ತಲೆನೋವಿಲ್ಲ. ಆ ಹೂರಣ ನಾನೇ ತಿಂದೆ, ಹೆನ್ನಿಂಗ್‌ಗೆ ಕೊಡಲಿಲ್ಲ.

ಫೆಬ್ರುವರಿ 20, ಮಂಗಳವಾರ

ಲೊವೀಸಾಳ ವಾರ. "ನಿನ್ನೆಯಿಂದ ಮತ್ತೆ ಶುರುಮಾಡಿದೀನಿ, ತೊಂದರೆಯಿಲ್ಲ" ಎಂದು ಸಂದೇಶ ಕಳಿಸಿದ್ದಳು. ಕೇಳಿರಲಿಲ್ಲ, ಅವಳಾಗಿ ಕಳಿಸಿದ್ದಳು.

ಫ್ರಿಜ್ಜಿನ ಸದ್ದು ಸಹಿಸಲಾಗುತ್ತಿಲ್ಲ. ಕಾಫಿ ಜಾಸ್ತಿಯಾಗಿರಬೇಕು. ಅಂಗಡಿಯಲ್ಲಿ ಒಂದು ಸಣ್ಣ ಚಕ್ರದ ಬೆಂಡು ತೆಗೆಯುವುದಿದೆ, ಅವಸರವಿಲ್ಲ, ಶುಕ್ರವಾರದ ಮೇಲೆ ಮಾಡಿದರಾಯಿತು. ಇನ್ನೆರಡು ಕೈ ಬೇಕಾಗುವ ಕೆಲಸ.

ಫೆಬ್ರುವರಿ 23, ಶುಕ್ರವಾರ

ಊಟವಾಗಿ ಹಲ್ಲುಜ್ಜಿದ ಮೇಲೆ ತೂರಾ ದೀಪದ ಕೆಳಗೆ ಕುಳಿತಳು. ಕೈ ತೊಳೆದೆ, ಉಗುರಿನ ಒಳಗೆ ಕೂಡ, ಅವಳು ಕೇಳುವ ಮೊದಲೇ. ಕೀಲಿಕೈ ತೆಗೆದುಕೊಂಡೆ. ತಲೆ ಹಿಂದಕ್ಕೆ ಹಾಕಿ ಬಾಯಿ ತೆರೆದಳು. ಕೀಲಿಕೈಯನ್ನು ತೂತಿನ ಹತ್ತಿರ ತಂದೆ.

ಅವಳು ಬಾಯಿ ಮುಚ್ಚಿಬಿಟ್ಟಳು. ನನ್ನ ಮುಖ ನೋಡಿದಳು, ಕಿವಿಯೆಲ್ಲ ಕೆಂಪು.

"ಮಾರಿತ್. ಇವತ್ತು ಬೇಡ."

"ನೋವಾಗ್ತಿದ್ಯಾ?"

"ಇಲ್ಲ. ಅಮ್ಮ ಬೆಳಗ್ಗೆ ತಿರುಗಿಸಿದಾಳೆ. ಮರ್ತುಬಿಟ್ಟಿದ್ಲು. ಅಭ್ಯಾಸದ ಮೇಲೆ ಮಾಡಿಬಿಟ್ಲು, ನಾನು ಹೇಳೋಷ್ಟರಲ್ಲಿ ಆಗೋಗಿತ್ತು. ಬೈಬೇಡ ಅವಳಿಗೆ."

ಕೀಲಿಕೈಯನ್ನು ಡಬ್ಬಿಯಲ್ಲಿಟ್ಟೆ.

"ಬೈಯಲ್ಲ. ನಾನೂ ಮರೀತಿದ್ದೆ. ಹೇಳಿದ್ದು ಒಳ್ಳೇದಾಯ್ತು."

"ಫೋನ್ ಮಾಡ್ತೀಯಾ ಅಮ್ಮಂಗೆ?"

"ನೀನೇ ಮಾಡು."

ಮಾಡಿದಳು. "ಅಮ್ಮಾ, ನೀನು ಮರ್ತಿದ್ದೆ ಅಂತ ಮಾರಿತ್‌ಗೆ ಹೇಳಿದೀನಿ. ಬೈಲಿಲ್ಲ." ಆ ಕಡೆಯಿಂದ ಏನು ಬಂತೋ, ತೂರಾ ನಕ್ಕಳು, ಸಂದು ಬಿದ್ದ ಹಲ್ಲೆಲ್ಲ ಕಾಣುವಂತೆ. ಫೋನ್ ಇಟ್ಟು ಮಾತು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ಅಮ್ಮನ ಮನೆಯಲ್ಲಿ ಮೀನಿನ ಗಂಜಿ ಮಾಡಿದ್ದು, ಅದು ತಳ ಹಿಡಿದದ್ದು, ಅಮ್ಮ ಅದನ್ನು ಹೊಸ ರುಚಿ ಎಂದು ಬಡಿಸಿದ್ದು. ಇಷ್ಟು ದಿನ 'ಊಟ' ಎಂದರೆ ಅದು! ಹೆನ್ನಿಂಗ್ ಬಾಗಿಲಲ್ಲೇ ನಿಂತು ಕೇಳುತ್ತಿದ್ದ, ಒಳಗೆ ಬಂದರೆ ಎಲ್ಲಿ ನಿಲ್ಲಿಸಿಬಿಡುತ್ತಾಳೋ ಎಂಬ ಭಯದಲ್ಲಿ. ಈಸ್ಟರ್‌ಗೆ ಕಾಡಿನ ಮನೆಗೆ ಹೆಸರು ಕೊಡಬಹುದೇ ಎಂದೂ ಕೇಳಿದಳು. ಕೊಡು ಎಂದೆ.

ಫೆಬ್ರುವರಿ 24, ಶನಿವಾರ

ಎಷ್ಟೋ ದಿನದ ಮೇಲೆ ಒಂದೇ ನಿದ್ದೆಗೆ ಬೆಳಗಾಯಿತು. ಗೋಡೆಯ ಆಚೆ ಸದ್ದಿಲ್ಲ. ಅರೆಗಣ್ಣಿನಲ್ಲೇ ಅಡುಗೆಮನೆಗೆ ಹೋಗಿ ಕಾಫಿಗಿಟ್ಟು, ಎರಡು ತಟ್ಟೆ, ಎರಡು ಲೋಟ ಜೋಡಿಸಿದೆ. ಅವಳಿಲ್ಲದ ವಾರ ಎಂದುಕೊಂಡು ಬೇಸರದಿಂದಲೇ ಬ್ರೆಡ್ಡು ಕತ್ತರಿಸುತ್ತಿದ್ದೆ. ಹಿಂದೆ ಬರಿಗಾಲಿನ ಸದ್ದಾಯಿತು.

"ನನ್ನ ತಟ್ಟೆ ಎಲ್ಲಿ?"

ತೂರಾ. ಕೂದಲು ಕೆದರಿದೆ, ಕೆನ್ನೆಯ ಮೇಲೆ ದಿಂಬಿನ ಗೆರೆ.

"ಗೊರಕೆ ಕೇಳಿಸ್ಲಿಲ್ಲ, ನೀನು ಇಲ್ಲ ಅಂದ್ಕೊಂಡೆ."

"ಇಲ್ಲೇ ಮಲಗಿದ್ನಲ್ಲ!"

ಅವಳನ್ನು ತಬ್ಬಿಕೊಂಡೆ. ಬ್ರೆಡ್ಡಿನ ಚಾಕು ಕೈಯಲ್ಲೇ ಇತ್ತು. "ಮಾರಿತ್, ಚಾಕು," ಎಂದಳು, ಆದರೆ ಬಿಡಿಸಿಕೊಳ್ಳಲಿಲ್ಲ. ನನ್ನ ಹೊಟ್ಟೆಗೆ ಮುಖವೊತ್ತಿ, ಬಾಯಿ ಮುಚ್ಚಿಕೊಂಡು, ಮೂಗಿನಲ್ಲಿ ಉಸಿರಾಡುತ್ತಿದ್ದಳು. ಕಿವಿಗೊಟ್ಟು ಕೇಳಿದರಷ್ಟೇ ಕೇಳಿಸುತ್ತಿತ್ತು.

ಆಮೇಲೆ ಮೂರನೆಯ ತಟ್ಟೆ ಇಟ್ಟೆ. ಮಧ್ಯಾಹ್ನ ಮಿಠಾಯಿ ಅಂಗಡಿಗೆ ಹೋಗಬೇಕು, ಅಂಟದಂಥದ್ದೇ ಆರಿಸಬೇಕು.